ಮದ್ದು, ತೋಟೆ, ಕೇಪು: ಅಜ್ಜನ ಪೆಟ್ಟಿಗೆಯಿಂದ ರೀಲೋಡಿಂಗ್ ಪ್ರೆಸ್ಸಿನವರೆಗೆ

ನಾನು ಮುಳ್ಳೇರಿಯದಿಂದ ಇನ್ನೂ ಒಳಗಿನ ನಮ್ಮ ಮನೆಯಿಂದಲೇ ಮಾತಾಡ್ತಾ ಇದ್ದೇನೆ. ನಡುವೆ ಧ್ವನಿ ಕಡಿದು ಹೋದ್ರೆ ದಯವಿಟ್ಟು ಹೇಳಿ, ಹೇಳಿದ್ದನ್ನೇ ಮತ್ತೊಮ್ಮೆ ಹೇಳ್ತೇನೆ. ಗಡಿನಾಡಿನ ಕನ್ನಡದಲ್ಲಿ ಕೈಗೆಲಸದ ಪದಗಳ ಬಗ್ಗೆ ಮಾತಾಡಬೇಕು ಅಂತ ಸೂಚನೆ ಇತ್ತು. ನೇಕಾರಿಕೆ, ಕುಂಬಾರಿಕೆ, ಅಡಿಕೆ ಸುಲಿಯುವ ಕೆಲಸಗಳ ಬಗ್ಗೆ ಬೇರೆಯವರು ಮಾತಾಡಿದ್ದಾರೆ. ನಾನು ಆರಿಸಿಕೊಂಡದ್ದು ಸ್ವಲ್ಪ ಮುಜುಗರದ ವಿಷಯ: ಮನೆಯಲ್ಲಿ ಕೂತು ಕೋವಿಯ ತೋಟೆ ತುಂಬುವ ಕೆಲಸ.

ಇದಕ್ಕೆ ಕಾರಣ ನಮ್ಮ ಅಟ್ಟದಲ್ಲಿ ಸಿಕ್ಕಿದ ಒಂದು ಮರದ ಪೆಟ್ಟಿಗೆ. ಅಜ್ಜ ತೀರಿಕೊಂಡ ಮೇಲೆ ಕೋವಿ ಮನೆಯಿಂದ ಹೋಯಿತು, ಲೈಸೆನ್ಸೂ ಮುಗಿಯಿತು. ಪೆಟ್ಟಿಗೆ ಮಾತ್ರ ಹಳೆಯ ತಾಮ್ರದ ಹಂಡೆಯ ಹಿಂದೆ ಉಳಿದಿತ್ತು. ಅದರೊಳಗೆ ಹನ್ನೊಂದು ಖಾಲಿ ಹಿತ್ತಾಳೆ ತೋಟೆಗಳು, ಒಂದು ಕಬ್ಬಿಣದ ಸೂಜಿಗೂಟ, ನಡುವೆ ತೂತಿದ್ದ ಮರದ ದಿಮ್ಮಿ, ಬೆರಳಿಗಿಂತ ಸ್ವಲ್ಪ ದಪ್ಪದ ಮರದ ಕೋಲು, ಹಿಡಿಯಿರುವ ಪುಟ್ಟ ಹಿತ್ತಾಳೆ ಅಳತೆ, ಮತ್ತೆ ಮೇಜಿನ ಅಂಚಿಗೆ ಬಿಗಿಯುವ, ಕೈಯಲ್ಲಿ ತಿರುಗಿಸುವ ಒಂದು ಸಣ್ಣ ಯಂತ್ರ. ಮೊದಲು ನಾನು ಅದನ್ನು ಶ್ಯಾವಿಗೆ ಒತ್ತುವ ಒರಳು ಅಂತ ತಿಳಿದುಕೊಂಡೆ. ಅಜ್ಜಿ ನಕ್ಕುಬಿಟ್ಟರು. "ಅದು ಶ್ಯಾವಿಗೆಯದ್ದಲ್ಲ ಮಗಾ, ತೋಟೆಯ ಬಾಯಿ ಮಡಚುವ ತಿರುಗಣೆ" ಅಂದರು.

ಪದಗಳಿಂದಲೇ ಆರಂಭಿಸುತ್ತೇನೆ. ಕನ್ನಡದಲ್ಲಿ 'ಕೋವಿ' ಅಂದರೆ ಮೂಲದಲ್ಲಿ ಕೊಳವೆ. ಬಂದೂಕು ಬಂದಾಗ ನಮ್ಮವರು ಹೊಸ ಪದ ತರದೆ ಇದ್ದ ಪದವನ್ನೇ ಅದಕ್ಕೆ ಕೊಟ್ಟರು. ಆದರೆ ಅದರೊಳಗೆ ತುಂಬುವ ವಸ್ತುವಿನ ಹೆಸರು ಗಡಿಯಿಂದ ಗಡಿಗೆ ಬದಲಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಮರಾಠಿಯ ಜೊತೆ ಬದುಕುವ ಕನ್ನಡಕ್ಕೆ ಪರಿಚಿತವಾದದ್ದು 'ಕಾಡತೂಸು'. ತೆಲುಗಿನಲ್ಲಿ 'ತೂಟಾ', ತಮಿಳಿನಲ್ಲಿ 'ತೋಟ್ಟಾ'. ಆದ್ದರಿಂದ ರಾಯದುರ್ಗ, ಮಡಕಶಿರಾ, ಹೊಸೂರು ಕಡೆಯವರಿಗೆ ನಮ್ಮ 'ತೋಟಾ', 'ತೋಟೆ' ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಾಸರಗೋಡಿನಲ್ಲಿ ಮಲಯಾಳದ 'ತಿರ' ಪಕ್ಕದಲ್ಲೇ ಇದೆ. ತುಳುವಿನ 'ಬೆಡಿ' ಕೋವಿಯೂ ಹೌದು, ಸದ್ದೂ ಹೌದು. ಜಾತ್ರೆಯ ಸಿಡಿಮದ್ದಿಗೂ ಅದೇ ಹೆಸರು. ಕುಂಬಳೆ ಬೆಡಿಗೆ ಹೋಗದವರು ನಮ್ಮ ಕಡೆ ಕಡಿಮೆ.

ಆದರೆ ಒಂದು ಪದದಲ್ಲಿ ಇವರೆಲ್ಲ ಒಂದಾಗುತ್ತಾರೆ. ಕನ್ನಡದ 'ಮದ್ದು', ಮಲಯಾಳದ 'ಮರುನ್ನ್', ತಮಿಳಿನ 'ಮರುಂದು', ತೆಲುಗಿನ 'ಮಂದು'. ನಾಲ್ಕೂ ಭಾಷೆಯಲ್ಲಿ ಕಾಯಿಲೆಗೆ ಕೊಡುವುದೂ ಅದೇ, ಕೋವಿಗೆ ತುಂಬುವುದೂ ಅದೇ. ಮರಾಠಿಯ 'ದಾರೂ' ಕೂಡ ಸಿಡಿಮದ್ದಿಗೆ ಬಳಕೆಯಾಗುವ ಪದ. ಅದರ ಪಾರಸಿ ಮೂಲದಲ್ಲಿ ಔಷಧಿ ಅನ್ನುವ ಅರ್ಥವೇ ಇದೆ. ಇದು ಸುಂದರವಾದ ಸಾಮ್ಯ ಅಂತ ನಾನು ಮೊದಲು ಬರೆದುಕೊಂಡಿದ್ದೆ. ಈ ಸಾಮ್ಯ ನಮ್ಮ ಮನೆಯಲ್ಲಿ ಏನು ಮಾಡಿತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ತೋಟೆ ಅಂದರೇನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮಲ್ಲಿ ಹೆಚ್ಚಿನವರು ನೋಡಿರಲಿಕ್ಕಿಲ್ಲ. ಹಳೆಯ ಕೇಪಿನ ಕೋವಿಗೆ ಎಲ್ಲವನ್ನೂ ಬಾಯಿಯಿಂದಲೇ ತುಂಬಬೇಕು. ಮೊದಲು ಮದ್ದು, ಅದರ ಮೇಲೆ ತೆಂಗಿನ ನಾರು, ಗಜದಿಂದ ಜಡಿದು ಆಮೇಲೆ ಚರೆ, ಮತ್ತೆ ನಾರು. ಕೊನೆಗೆ ಹಿಂದಿನ ಮೊಲೆಯ ಮೇಲೆ ತಾಮ್ರದ ಕೇಪು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಬಡಿತಕ್ಕೆ ಹೊತ್ತಿಕೊಳ್ಳುವ ರಾಸಾಯನಿಕದ ಉಪಾಯಕ್ಕೆ ಪೇಟೆಂಟ್ ಪಡೆದ. ಮುಂದೆ ಅದೇ ತಾಮ್ರದ ಕೇಪಿನ ರೂಪ ತಾಳಿತು. ತೋಟೆ ಬಂದಾಗ ಕೇಪು, ಮದ್ದು, ಅಡಕ, ಚರೆ ನಾಲ್ಕೂ ಒಂದೇ ಡಬ್ಬಿಯೊಳಗೆ ಸೇರಿದವು. ಕೋವಿಯನ್ನು ಹಿಂದಿನಿಂದ ತೆರೆದು ತುಂಬಬಹುದಾಯಿತು. ಹೊಡೆದ ಮೇಲೆ ಡಬ್ಬಿ ಹಾಗೆಯೇ ಉಳಿಯುತ್ತದೆ, ಸುಟ್ಟು ಹೋಗುವುದು ಕೇಪು ಮತ್ತು ಮದ್ದು ಮಾತ್ರ. ಉಳಿದ ಡಬ್ಬಿಯನ್ನು ಮತ್ತೆ ತುಂಬುವುದೇ ರೀಲೋಡಿಂಗ್.

ಈಗ ಅಜ್ಜನ ಪೆಟ್ಟಿಗೆ ಅರ್ಥವಾಗುತ್ತದೆ. ಸೂಜಿಗೂಟ ಸುಟ್ಟ ಕೇಪನ್ನು ತಳ್ಳಿ ತೆಗೆಯಲಿಕ್ಕೆ. ದಿಮ್ಮಿ ತೋಟೆ ನಿಲ್ಲಿಸಲಿಕ್ಕೆ. ಹಿತ್ತಾಳೆ ಅಳತೆ ಮದ್ದಿಗೂ ಚರೆಗೂ. ಕೋಲು ರಟ್ಟಿನ ಬಿಲ್ಲೆಯನ್ನು ಒತ್ತಲಿಕ್ಕೆ. ತಿರುಗಣೆ ಕಾಗದದ ತೋಟೆಯ ಬಾಯಿಯನ್ನು ಒಳಕ್ಕೆ ಮಡಚಲಿಕ್ಕೆ. ತೋಟೆಯ ಬುಡದಲ್ಲಿ '12' ಅಂತ ಇದೆ. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡು ಮಾಡಿದರೆ, ಆ ಒಂದು ಗುಂಡು ಹಿಡಿಸುವ ನಳಿಗೆಗೆ ಹನ್ನೆರಡರ ಬೋರು ಅಂತ ಹೆಸರು. ಸುಮಾರು 18.5 ಮಿಲಿಮೀಟರ್. 19ನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷ್ ಶಿಕಾರಿಗಳ ಸಾಮಾನಿನಲ್ಲಿ ಇಂಥ ಪೆಟ್ಟಿಗೆ ಸಾಮಾನ್ಯ ವಸ್ತು.

ಇದೇ ಕೆಲಸ ಅಮೆರಿಕದಲ್ಲಿ ಬೇರೆ ದಾರಿ ಹಿಡಿಯಿತು. ಅದಕ್ಕೆ ಕೇಪಿನ ರಚನೆಯೂ ಒಂದು ಕಾರಣ. 1860ರ ದಶಕದಲ್ಲಿ ಅಮೆರಿಕದ ಹೈರಮ್ ಬರ್ಡನ್ ಒಂದು ಬಗೆಯ ಕೇಪು ಮಾಡಿದ, ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಇನ್ನೊಂದು ಬಗೆ. ಬರ್ಡನ್ ತೋಟೆಯ ಬುಡದಲ್ಲಿ ಕಿಡಿ ಹಾಯಲು ಸಾಮಾನ್ಯವಾಗಿ ಎರಡು ಸಣ್ಣ ತೂತು, ಬಾಕ್ಸರ್ ತೋಟೆಗೆ ನಟ್ಟನಡುವೆ ಒಂದೇ ತೂತು. ತಮಾಷೆ ಏನಂದ್ರೆ ಅಮೆರಿಕದವನದ್ದು ಯುರೋಪಿನಲ್ಲಿ ನಿಂತಿತು, ಇಂಗ್ಲಿಷಿನವನದ್ದು ಅಮೆರಿಕದಲ್ಲಿ ನಿಂತಿತು. ನಡುವೆ ಒಂದೇ ತೂತಿದ್ದರೆ ಒಳಗಿನಿಂದ ಒಂದು ಸೂಜಿ ತೂರಿಸಿ ಸುಟ್ಟ ಕೇಪನ್ನು ಸಲೀಸಾಗಿ ಉದುರಿಸಬಹುದು. ಮನೆಯಲ್ಲಿ ತುಂಬುವವರಿಗೆ ಅಷ್ಟೇ ಸಾಕಾಯಿತು.

1884ರಲ್ಲಿ ಜಾನ್ ಬಾರ್ಲೊ ಎಂಬವರು 'ಐಡಿಯಲ್' ಕಂಪನಿ ಶುರುಮಾಡಿ ಇಕ್ಕಳದಂತಹ ಕೈಯಂತ್ರ ಮಾರಿದರು, ಜೊತೆಗೆ ಕೈಪಿಡಿಯನ್ನೂ ಅಚ್ಚು ಹಾಕಿಸಿದರು. 1925ರಲ್ಲಿ ಅದು ಲೈಮನ್ ಕಂಪನಿಯ ಕೈಸೇರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೇಟೆಗಾರರಿಗೆ ಗುಂಡು ಸಿಗದಾಯಿತು. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್, ಬಿಸಾಡಿದ ಪಾಯಿಂಟ್ ಟ್ವೆಂಟಿಟೂ ಚಿಪ್ಪುಗಳನ್ನು ಒತ್ತಿ ಹೊಸ ಗುಂಡಿಗೆ ಹೊದಿಕೆ ಮಾಡುವ ಅಚ್ಚು ತಯಾರಿಸಿದರು. 1943ರ ಸುಮಾರಿಗೆ ಹುಟ್ಟಿದ ಆ ಕಂಪನಿಯೇ ಆರ್‌ಸಿಬಿಎಸ್. ರಾಕ್ ಚಕ್ ಅಂದರೆ ಅಲ್ಲಿಯ ಬೆಟ್ಟದ ಅಳಿಲು ಜಾತಿಯ ಪ್ರಾಣಿ. ಅದನ್ನು ಹೊಡೆಯುವ ಗುಂಡಿನ ಅಚ್ಚು ಅನ್ನುವುದೇ ಆ ಹೆಸರಿನ ವಿಸ್ತಾರ. 1958ರಲ್ಲಿ ರಿಚರ್ಡ್ ಲೀ, ಸುತ್ತಿಗೆಯಿಂದ ಬಡಿದು ಕೆಲಸ ಮಾಡುವ ಅಗ್ಗದ 'ಲೀ ಲೋಡರ್' ತಂದರು. ಅದನ್ನು ಚಿತ್ರದಲ್ಲಿ ನೋಡಿದಾಗ ಅಜ್ಜನ ಪೆಟ್ಟಿಗೆಯ ದಾಯಾದಿಯನ್ನು ನೋಡಿದ ಹಾಗೆ ಆಯಿತು. 1980ರ ದಶಕದಲ್ಲಿ ಡಿಲ್ಲನ್ ಕಂಪನಿಯ ಯಂತ್ರಗಳು ಈ ಕೆಲಸಕ್ಕೆ ವೇಗ ತಂದವು.

ಪ್ರೆಸ್ಸನ್ನು ನಾನು ಕಣ್ಣಾರೆ ನೋಡಿದ್ದು ವಿಡಿಯೊ ಕರೆಯಲ್ಲಿ. ದೊಡ್ಡಮ್ಮನ ಮಗ ಅಣ್ಣ ಟೆಕ್ಸಾಸಿನಲ್ಲಿದ್ದಾನೆ, ಅಲ್ಲಿಯ ಪೌರ. ಕಾರು ನಿಲ್ಲಿಸುವ ಕೋಣೆಯ ಮೂಲೆಯಲ್ಲಿ ಮೇಜಿಗೆ ಬೋಲ್ಟು ಹಾಕಿ ಕೂರಿಸಿದ್ದಾನೆ. ಸ್ವಂತ ಉಪಯೋಗಕ್ಕೆ ತುಂಬುವವರಿಗೆ ಅಲ್ಲಿಯ ಕೇಂದ್ರ ಕಾನೂನು ಲೈಸೆನ್ಸ್ ಕೇಳುವುದಿಲ್ಲ. ಮಾರಲಿಕ್ಕೆ ಮಾಡಿದರೆ ಬೇಕು. "ಯಾವ ಪ್ರೆಸ್ ತಗೊಳ್ಳೋದು ಅಂತ ಹೇಗೆ ತೀರ್ಮಾನ ಮಾಡಿದೆ ಅಣ್ಣಾ?" ಅಂತ ಕೇಳಿದೆ. "ತಿಂಗಳಿಗೆ ಎಷ್ಟು ಹೊಡಿತೀಯ ಅನ್ನೋದು ಮೊದಲು, ಎಷ್ಟು ತಾಳ್ಮೆ ಉಂಟು ಅನ್ನೋದು ಎರಡನೆಯದ್ದು" ಅಂದ.

ಅವನು ವಿವರಿಸಿದ್ದನ್ನೂ ನಾನು ಓದಿದ್ದನ್ನೂ ಸೇರಿಸಿ ಹೇಳುವುದಾದರೆ ಪ್ರೆಸ್ಸುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದನೆಯದು ಏಕಹಂತದ್ದು. ಅದರಲ್ಲಿ ಒಂದು ಸಲಕ್ಕೆ ಒಂದೇ ಡೈ ಕೂರಿಸಬಹುದು. ಐವತ್ತು ತೋಟೆ ಇದ್ದರೆ ಐವತ್ತಕ್ಕೂ ಮೊದಲ ಹಂತ ಮುಗಿಸಿ, ಡೈ ಬದಲಿಸಿ ಎರಡನೆಯ ಹಂತ. ನಿಧಾನ, ಆದರೆ ಪ್ರತಿ ತೋಟೆಯೂ ನಾಲ್ಕಾರು ಸಲ ಕೈಗೆ ಬರುತ್ತದೆ, ಬಿರುಕಿದ್ದರೆ ಕಣ್ಣಿಗೆ ಬೀಳುತ್ತದೆ. ಎರಡನೆಯದು ಟರೆಟ್. ಡೈಗಳೆಲ್ಲ ತಿರುಗುವ ತಟ್ಟೆಯಲ್ಲೇ ಇರುತ್ತವೆ, ಬಿಚ್ಚಿ ಹಾಕುವ ಕೆಲಸವಿಲ್ಲ. ಮೂರನೆಯದು ಪ್ರೊಗ್ರೆಸಿವ್. ಹಿಡಿಯನ್ನು ಎಳೆದಷ್ಟು ಸಲವೂ ಹಲವು ತೋಟೆಗಳು ಒಟ್ಟಿಗೇ ಒಂದೊಂದು ಹಂತ ಮುಂದಕ್ಕೆ ಹೋಗುತ್ತವೆ, ಪ್ರತಿ ಎಳೆತಕ್ಕೂ ಒಂದು ಸಿದ್ಧ ತೋಟೆ ಬೀಳುತ್ತದೆ. ಗಂಟೆಗೆ ನೂರಾರು. ಸ್ಪರ್ಧೆಗೆ ಪಿಸ್ತೂಲು ಹೊಡೆಯುವವರು ಇದನ್ನು ತೆಗೆದುಕೊಳ್ಳುತ್ತಾರೆ. ವರ್ಷಕ್ಕೆ ಒಂದು ಜಿಂಕೆ ಹೊಡೆಯುವ ರೈಫಲಿನವನಿಗೆ ಏಕಹಂತದ್ದೇ ಸಾಕು. ಹೊಸಬರಿಗೂ ಅನುಭವಸ್ಥರು ಅದನ್ನೇ ಹೇಳುತ್ತಾರೆ, ಒಂದೊಂದೇ ಹಂತ ಕಲಿಯಬಹುದು ಅಂತ.

ಚೌಕಟ್ಟಿನ ಆಕಾರವೂ ಮುಖ್ಯ. ಇಂಗ್ಲಿಷಿನ 'ಓ' ಅಕ್ಷರದಂತೆ ಸುತ್ತಲೂ ಮುಚ್ಚಿದ ಎರಕದ ಚೌಕಟ್ಟು ಬಲಕ್ಕೆ ಬಾಗುವುದಿಲ್ಲ. 'ಸಿ' ಆಕಾರದ್ದು ಮುಂದೆ ತೆರೆದಿರುವುದರಿಂದ ಕೈಯಾಡಿಸಲು ಸುಲಭ, ಆದರೆ ದೊಡ್ಡ ರೈಫಲ್ ತೋಟೆಯನ್ನು ಒತ್ತುವಾಗ ಸ್ವಲ್ಪ ಬಾಗಬಹುದು. ಬಾಗಿದರೆ ಅಳತೆ ತಪ್ಪುತ್ತದೆ. ಡೈಗಳ ಮರೆ ಮಾತ್ರ ಬಹುಮಟ್ಟಿಗೆ ಒಂದೇ: 7/8 ಇಂಚು ಅಗಲ, ಇಂಚಿಗೆ 14 ಸುತ್ತು. ಹಾಗಾಗಿ ಒಂದು ಕಂಪನಿಯ ಡೈ ಇನ್ನೊಂದರ ಪ್ರೆಸ್ಸಿಗೆ ಕೂರುತ್ತದೆ. ನಮ್ಮ ಹನ್ನೆರಡರ ಬೋರಿನಂಥ ಚರೆ ತೋಟೆಗೆ ಯಂತ್ರವೇ ಬೇರೆ.

ಕೆಲಸದ ಕ್ರಮ ಹೀಗೆ. ಹೊಡೆದಾಗ ಉಬ್ಬಿದ ಹಿತ್ತಾಳೆಯನ್ನು ಮೊದಲ ಡೈ ಒತ್ತಿ ಹಳೆಯ ಅಳತೆಗೆ ತರುತ್ತದೆ, ಅದರ ನಡುವಿನ ಸೂಜಿ ಸುಟ್ಟ ಕೇಪನ್ನು ಉದುರಿಸುತ್ತದೆ. ರೈಫಲ್ ತೋಟೆಗೆ ಎಣ್ಣೆ ಸವರದೆ ಒತ್ತಿದರೆ ಅದು ಡೈಯೊಳಗೇ ಕಚ್ಚಿಕೊಳ್ಳುತ್ತದೆ. ನೇರ ಪಿಸ್ತೂಲ್ ತೋಟೆಗೆ ಟಂಗ್‌ಸ್ಟನ್ ಕಾರ್ಬೈಡಿನ ಡೈ ಇದ್ದರೆ ಎಣ್ಣೆ ಬೇಡ. ಆಮೇಲೆ ಹೊಸ ಕೇಪು, ತೂಕ ಮಾಡಿದ ಮದ್ದು, ಗುಂಡು, ಬಾಯಿಯ ಬಿಗಿತ. ಮದ್ದಿನ ತೂಕವನ್ನು ಗ್ರೇನಿನಲ್ಲಿ ಹೇಳುತ್ತಾರೆ, ಒಂದು ಪೌಂಡಿಗೆ 7000 ಗ್ರೇನು. ಯಾವ ಮದ್ದು, ಯಾವ ಗುಂಡಿಗೆ ಎಷ್ಟು ಅನ್ನುವುದನ್ನು ತಯಾರಕರ ಕೈಪಿಡಿಯಲ್ಲೇ ನೋಡಬೇಕು, ಅಂದಾಜು ನಡೆಯುವುದಿಲ್ಲ. ಒಂದೇ ತೋಟೆಗೆ ಎರಡು ಸಲ ಮದ್ದು ಬಿದ್ದರೆ ಕೋವಿ ಒಡೆಯುತ್ತದೆ. ಬೀಳದೇ ಹೋದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಇನ್ನೊಂದು ಹೊಡೆದರೆ ಮತ್ತೂ ಅಪಾಯ. ಅದಕ್ಕೇ ತೋಟೆಗಳನ್ನು ಸಾಲಾಗಿ ನಿಲ್ಲಿಸಿ, ಮೇಲಿನಿಂದ ದೀಪ ಹಿಡಿದು ಒಂದೊಂದರ ಒಳಗೂ ನೋಡುತ್ತಾರೆ. ಆ ಹೊತ್ತಿಗೆ ಫೋನು, ಟೀವಿ ಇಲ್ಲ. ಕಡೆಗೆ ಅಣ್ಣ ಒಂದು ನಿಯಮ ಹೇಳಿದ: "ಮೇಜಿನ ಮೇಲೆ ಯಾವತ್ತೂ ಒಂದೇ ಮದ್ದಿನ ಡಬ್ಬಿ ಇರಬೇಕು. ಎರಡನೇದು ಕಪಾಟಿನಲ್ಲಿ."

ಈ ಮಾತನ್ನು ನಾನು ಅಜ್ಜಿಗೆ ಹೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಅಜ್ಜನ ತಮ್ಮನ ಕಥೆ ಹೇಳಿದರು. ಅವರ ಎಡಗೈಯಲ್ಲಿ ಎರಡು ಬೆರಳಿಲ್ಲದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ಹುಟ್ಟಿನಿಂದಲೇ ಹಾಗೆ ಅಂತ ತಿಳಿದಿದ್ದೆ.

ಇಲ್ಲಿ ಸ್ವಲ್ಪ ಚರಿತ್ರೆ ಬೇಕು. ಕರಿಮದ್ದು ಶತಮಾನಗಳಷ್ಟು ಹಳೆಯದು: ಪೆಟ್ಲುಪ್ಪು, ಗಂಧಕ, ಇದ್ದಿಲು. 1884ರಲ್ಲಿ ಫ್ರಾನ್ಸಿನ ಪೋಲ್ ವಿಯೇಲ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ. 1889ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಡೈಟ್ ಬಂತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬ್ರಿಟಿಷರು ಅದರ ಕಾರ್ಖಾನೆಯನ್ನು ಕಟ್ಟಿದ್ದು ನಮ್ಮ ಗಡಿನಾಡಿನಲ್ಲೇ, ನೀಲಗಿರಿಯ ಕೂನೂರಿನ ಹತ್ತಿರ ಅರುವಂಕಾಡಿನಲ್ಲಿ. ಈ ಹೊಸ ಮದ್ದಿಗೆ ಹೊಗೆ ಕಡಿಮೆ, ಶಕ್ತಿ ಹಲವು ಪಟ್ಟು ಹೆಚ್ಚು. ಕರಿಮದ್ದನ್ನು ಅಳತೆಯ ಬಟ್ಟಲಲ್ಲಿ ತುಂಬುವ ಹಾಗೆ ಇದನ್ನು ತುಂಬಿದರೆ ಹಳೆಯ ನಳಿಗೆ ತಡೆಯುವುದಿಲ್ಲ.

ಆಗಿದ್ದು ಅದೇ. ಒಂದು ಮಳೆಗಾಲದಲ್ಲಿ ಪೇಟೆಯಿಂದ ತಂದ ಕಾರ್ಖಾನೆಯ ತೋಟೆಗಳ ಕಾಗದ ಥಂಡಿ ಹಿಡಿದು ಉಬ್ಬಿತ್ತು. ಬಿಸಾಡುವುದು ಯಾಕೆ ಅಂತ ಅಜ್ಜನ ತಮ್ಮ ಅವನ್ನು ಬಿಚ್ಚಿ, ಮದ್ದನ್ನು ಒಣಗಿಸಿ, ತಮ್ಮ ಕೇಪಿನ ಕೋವಿಗೆ ಹಳೆಯ ಅಳತೆಯಲ್ಲೇ ಹಾಕಿದರು. ತೋಟಕ್ಕೆ ಹಂದಿ ಬಂದಿತ್ತು. ನಳಿಗೆ ಬುಡದಲ್ಲಿ ಸೀಳಿತು. "ಎರಡಕ್ಕೂ ಮದ್ದು ಅಂತಲೇ ಹೇಳ್ತಿದ್ದೆವು ಮಗಾ. ಬೇರೆ ಹೆಸರಿದ್ದಿದ್ರೆ ಅವರು ಹಾಕ್ತಿರಲಿಲ್ಲ" ಅಂದರು ಅಜ್ಜಿ.

ನಾನು ಸುಂದರ ಸಾಮ್ಯ ಅಂತ ಬರೆದುಕೊಂಡಿದ್ದ ಪದ ಇದು. ಒಂದು ಪದ ಎರಡು ವಸ್ತುವನ್ನು ಹೊತ್ತು ನಿಂತಾಗ ಅದು ಕಾವ್ಯದಲ್ಲಿ ಶ್ಲೇಷೆಯಾಗುತ್ತದೆ, ಕೆಲಸದ ಮೇಜಿನಲ್ಲಿ ಗಾಯವಾಗುತ್ತದೆ. ಅಮೆರಿಕದಲ್ಲಿ ಪ್ರತಿ ಮದ್ದಿಗೂ ಬೇರೆ ಹೆಸರು, ಬೇರೆ ಸಂಖ್ಯೆ, ಅಚ್ಚಾದ ಕೋಷ್ಟಕ ಇತ್ತು. ನಮ್ಮಲ್ಲಿ ಈ ಕೆಲಸಕ್ಕೆ ಬರೆದಿಟ್ಟ ವಿದ್ಯೆ ಇರಲಿಲ್ಲ, ಬಾಯಿಮಾತಿನಲ್ಲೇ ನಡೆಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಘಟನೆಯ ಮೇಲೆ ಅಜ್ಜಿ ಒಂದು ಕೆಲಸ ಮಾಡಿದರಂತೆ. ಕರಿಮದ್ದಿನ ಡಬ್ಬಿಗೆ ಕರಿ ನೂಲು ಕಟ್ಟಿದರು, ಇನ್ನೊಂದು ಡಬ್ಬಿಗೆ ಬಿಳಿ ನೂಲು. ಅಂದಿನಿಂದ ನಮ್ಮ ಮನೆಯಲ್ಲಿ 'ಕರಿನೂಲಿನದ್ದು', 'ಬಿಳಿನೂಲಿನದ್ದು' ಅಂತ ಎರಡು ಹೆಸರು. ಆಗಲೇ ನನಗೆ ತಿಳಿದದ್ದು: ರಟ್ಟಿನ ಬಿಲ್ಲೆ ಕತ್ತರಿಸುತ್ತಿದ್ದವರು, ಚರೆ ಅಳೆಯುತ್ತಿದ್ದವರು ಅಜ್ಜಿಯೇ. ಅಜ್ಜ ಹೊಡೆಯುತ್ತಿದ್ದರು ಅಷ್ಟೆ. 'ಕಾನೂರು ಹೆಗ್ಗಡಿತಿ'ಯಿಂದ ಹಿಡಿದು ತೇಜಸ್ವಿಯವರು ಕನ್ನಡಕ್ಕೆ ತಂದ ಕೆನ್ನೆತ್ ಆಂಡರ್ಸನ್ನರ ಕಾಡಿನ ಕಥೆಗಳವರೆಗೆ ನಾವು ಓದಿದ ಬೇಟೆಯ ಬರಹಗಳಲ್ಲಿ ಕೋವಿ ಹಿಡಿದವರು ಬಹುಮಟ್ಟಿಗೆ ಗಂಡಸರು. ಹಿಂದಿನ ರಾತ್ರಿ ಚಿಮಿಣಿ ದೀಪದಿಂದ ದೂರ ಕೂತು ತೋಟೆ ತುಂಬಿದವರು ಯಾರು ಅನ್ನುವ ಪ್ರಶ್ನೆಯನ್ನು ನಾನು ಇದುವರೆಗೆ ಕೇಳಿಕೊಂಡಿರಲಿಲ್ಲ.

ಪ್ರೆಸ್ಸು ನಮ್ಮಲ್ಲಿಗೆ ಯಾಕೆ ಬರಲಿಲ್ಲ ಅನ್ನುವುದಕ್ಕೆ ಮುಖ್ಯ ಉತ್ತರ ಕಾನೂನು. 1878ರ ಆಯುಧ ಕಾಯ್ದೆ ಭಾರತೀಯರ ಕೈಯಲ್ಲಿನ ಆಯುಧವನ್ನು ಲೈಸೆನ್ಸಿನ ಅಂಕೆಗೆ ತಂದಿತು. ಗಡಿಯಾಚೆ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಸಿಕ್ಕಿತು, ಈಗಲೂ ಇದೆ. ಪಾಣತ್ತೂರಿನ ಈಚೆ ನಮಗೆ ಇಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1959ರ ಆಯುಧ ಕಾಯ್ದೆ 1962ರಿಂದ ಜಾರಿಗೆ ಬಂತು. ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಅದರ ಎರಡನೆಯ ವಿಧಿಯ ವ್ಯಾಖ್ಯೆಯನ್ನು ಓದಿ ನಾನು ಬೆಚ್ಚಿದೆ. ಮದ್ದುಗುಂಡಿನ ಭಾಗಗಳೂ ಅದನ್ನು ತಯಾರಿಸುವ ಯಂತ್ರವೂ ಅಲ್ಲಿ 'ಮದ್ದುಗುಂಡು' ಅನ್ನುವ ಪದದೊಳಗೇ ಸೇರುತ್ತವೆ. ಅಂದರೆ ಅಣ್ಣನಿಗೆ ಅಲ್ಲಿ ಹವ್ಯಾಸದ ಸಾಮಾನಾದದ್ದು ಇಲ್ಲಿ ಕಾನೂನಿನ ಕಣ್ಣಿಗೆ ಸ್ವತಃ ಮದ್ದುಗುಂಡು. ಅಟ್ಟದ ಪೆಟ್ಟಿಗೆಯೂ!

ಆ ರಾತ್ರಿಯೇ ಮಾವನಿಗೆ ಹೇಳಿದೆ. ವಕೀಲರ ಸಲಹೆ ಕೇಳಿ, ಅಜ್ಜನ ಹಳೆಯ ಲೈಸೆನ್ಸ್ ಪುಸ್ತಕದ ಜೊತೆ ಪೆಟ್ಟಿಗೆಯನ್ನು ಒಪ್ಪಿಸುವುದು ಅಂತ ತೀರ್ಮಾನವಾಯಿತು. ಅದಕ್ಕೆ ಮುಂಚೆ ಒಂದು ಮಧ್ಯಾಹ್ನ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ ಒಂದೊಂದನ್ನೇ ಕೈಗೆ ಕೊಟ್ಟು ಹೆಸರು ಕೇಳಿ ಬರೆದುಕೊಂಡೆ, ಚಿತ್ರ ತೆಗೆದೆ. ಅಲ್ಲಿ ಕೊಟ್ಟ ರಶೀದಿ ಮಲಯಾಳದಲ್ಲಿತ್ತು. ತಿರುಗಣೆಯನ್ನು ಅದರಲ್ಲಿ 'ಇರುಂಬ್ ಉಪಕರಣಂ' ಅಂತ ಬರೆದಿದ್ದರು, ಕಬ್ಬಿಣದ ಉಪಕರಣ. ತಪ್ಪೇನಿಲ್ಲ. ಆದರೆ ಅಜ್ಜಿಯ ಹೆಸರು ನನ್ನ ನೋಟುಪುಸ್ತಕದಲ್ಲಿ ಇರದೇ ಹೋಗಿದ್ದರೆ ಆ ವಸ್ತುವಿನ ಕನ್ನಡ ಅಲ್ಲಿಗೆ ಮುಗಿದಿರುತ್ತಿತ್ತು.

ಚರ್ಚೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. "2022ರಲ್ಲಿ ಕೇರಳ ಸರಕಾರ ಕಾಡುಹಂದಿ ಕೊಲ್ಲಿಸುವ ಅಧಿಕಾರವನ್ನು ಪಂಚಾಯತುಗಳಿಗೆ ಕೊಟ್ಟಿದೆ, ಲೈಸೆನ್ಸ್ ಕೋವಿಯವರಿಗೆ ಮತ್ತೆ ಬೇಡಿಕೆ ಬಂದಿದೆ. ಹಾಗಾದರೆ ಮನೆಯಲ್ಲಿ ತುಂಬುವ ಕೆಲಸವೂ ಮರಳಿ ಬರಬೇಕು ಅಂತೀರಾ?" ಇಲ್ಲ ಸರ್. ಬೆರಳು ಕಳಕೊಂಡ ಮನೆಯವನು ನಾನು, ಹಾಗೆ ಹೇಳಲಾರೆ. ಕೆಲಸ ಮರಳಿ ಬರುವುದು ಬೇಡ. ಆ ಕೆಲಸ ಮಾಡಿದವರ ಮಾತು ಮಾತ್ರ ನಮ್ಮ ಪದಕೋಶದಲ್ಲಿ ಇರಲಿ ಅಂತ ನನ್ನ ಕೋರಿಕೆ. ತಾಳವಾಡಿ, ವಯನಾಡು, ಜತ್ತ, ಆದೋನಿ ಕಡೆಯ ಗೆಳೆಯರು ನಿಮ್ಮ ಮನೆಯ ಹಿರಿಯರನ್ನು ಕೇಳಿ, ಮುಖ್ಯವಾಗಿ ಅಜ್ಜಿಯಂದಿರನ್ನು. ಕೇಳುವಾಗ "ಅಜ್ಜ ಏನು ಹೊಡೆದರು" ಅಂತ ಕೇಳಬೇಡಿ, "ನೀವು ಏನು ತುಂಬಿದಿರಿ" ಅಂತ ಕೇಳಿ.